ಬಣ್ಣವಿಲ್ಲದ ಅಪ್ಪನ ಒಂದು ಫೋಟೊ

ಹೋದ ವರ್ಷ ನಮ್ಮ ಶಾಲೆಯ ವಾರ್ಷಿಕೋತ್ಸವದ ದಿನ ಎಂಟನೇ ತರಗತಿಯ ಹುಡುಗನೊಬ್ಬನಿಗೆ ಗಡ್ಡ ಅಂಟಿಸುತ್ತಿದ್ದರು. ಮೇಕಪ್ಪಿನವನು ಸಣ್ಣ ಸೀಸೆಯ ಬಿರಡೆ ತೆಗೆದದ್ದೇ ತಡ, ಆ ಅಂಟಿನ ವಾಸನೆ, ಸ್ಪಿರಿಟ್ಟೂ ರಾಳವೂ ಬೆರೆತು ಮೂಗಿನ ಬುಡಕ್ಕೆ ಏರುವ ಆ ಘಾಟು, ಕೊಠಡಿಯನ್ನೆಲ್ಲ ತುಂಬಿಕೊಂಡಿತು. ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಬಂದಿದ್ದ ನಾನು ಬಾಗಿಲ ಚೌಕಟ್ಟು ಹಿಡಿದು ನಿಂತುಬಿಟ್ಟೆ. ತಿ. ನರಸೀಪುರದಲ್ಲಿ ಟೀಚರಾಗಿ ಇಷ್ಟು ಕಾಲವಾದರೂ ಆ ವಾಸನೆಯ ಮುಂದೆ ನಾನು ನಂಜನಗೂಡಿನ ಹೊಳೆಯ ಕಡೆಯ ಬೀದಿಯ ಲಂಗದ ಹುಡುಗಿಯೇ. ನಿಮಗೂ ಅಂಥದ್ದೊಂದು ವಾಸನೆ ಇದ್ದೀತು. ಕೆಲವರಿಗೆ ಅಪ್ಪನೆಂದರೆ ಬೀಡಿ, ಕೆಲವರಿಗೆ ಗದ್ದೆಯ ಕೆಸರು. ನನಗೆ ಅಪ್ಪನೆಂದರೆ ಗಡ್ಡದ ಅಂಟು, ಮತ್ತೆ ಅದನ್ನು ಬಿಡಿಸಲು ಹಚ್ಚುವ ಕೊಬ್ಬರಿ ಎಣ್ಣೆ.

ಅಪ್ಪ ನಟ. ಹೆಸರು ಪುಟ್ಟಬಸಪ್ಪ ಎಂದಿತ್ತು, ಆದರೆ ಆ ಹೆಸರು ರೇಷನ್ ಕಾರ್ಡಿಗೆ ಬಿಟ್ಟರೆ ಬೇರೆ ಕಡೆ ಹೆಚ್ಚು ಉಪಯೋಗಕ್ಕೆ ಬರಲಿಲ್ಲ. ಮೂಗೂರಿನ ಒಕ್ಕಲು ಮನೆಯಲ್ಲಿ ಹುಟ್ಟಿ, ನಂಜನಗೂಡಿನ ಬಾಳೆಕಾಯಿ ಮಂಡಿಯಲ್ಲಿ ಕೆಲಸಕ್ಕೆ ಸೇರಿದವನು, ನಾಟಕವೆಂದರೆ ಮಂಡಿಯನ್ನೂ ಮರೆತು ಓಡುತ್ತಿದ್ದ. ನಮ್ಮ ಕಡೆ ಊರ ನಾಟಕದಲ್ಲಿ ರಾಜನ ಪಾರ್ಟು ಹೆಚ್ಚು ಚಂದಾ ಕೊಟ್ಟ ಯಜಮಾನರಿಗೆ ಹೋಗುತ್ತಿತ್ತು. ಅದು ರೂಢಿ, ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಉಳಿದದ್ದೆಲ್ಲ ಅಪ್ಪನಿಗೆ. ಮುದಿ ಮಂತ್ರಿ, ಕುಂಟ ದೂತ, ಶಾಪ ಕೊಡುವ ಋಷಿ, ಮಗನನ್ನು ಕಳೆದುಕೊಂಡ ರಾಣಿ. ಋಷಿಯಾಗಿ ಒಳಗೆ ಹೋದವನು ಗಡ್ಡ ಕಿತ್ತು, ಸೀರೆ ಉಟ್ಟು, ಬೇರೆಯದೇ ನಡಿಗೆಯಲ್ಲಿ ಹೊರಗೆ ಬರುತ್ತಿದ್ದ. ರಾಜನ ವೇಷದ ಯಜಮಾನರು ಮಾತು ಮರೆತು ಬೆವರಿದರೆ, ಪಕ್ಕದಲ್ಲಿದ್ದ ಮಂತ್ರಿ ಅಪ್ಪ "ಪ್ರಭುಗಳ ಮನಸ್ಸಿನಲ್ಲಿರುವುದು ಇದೇ ಅಲ್ಲವೇ" ಎಂದು ಆ ಮಾತನ್ನೂ ತಾನೇ ಹೇಳಿ ದಾಟಿಸುತ್ತಿದ್ದ. ಚಪ್ಪಾಳೆ ರಾಜನಿಗೆ ಬೀಳುತ್ತಿತ್ತು.

ಬೆಳಗಿನ ಮೊದಲ ಬಸ್ಸಿಗೆ ಮನೆಗೆ ಬರುವಾಗ ಅವನ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ ಗುಲಾಬಿ ಬಣ್ಣ ಇನ್ನೂ ಉಳಿದಿರುತ್ತಿತ್ತು. ಅವ್ವ ಹಜಾರದ ಕಂಬಕ್ಕೆ ಒರಗಿಸಿ ಕೂರಿಸಿ ಎಣ್ಣೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಎದುರು ಮನೆಯ ಸಿದ್ದಮ್ಮ ರಂಗೋಲಿ ಬಿಡುತ್ತಲೇ ಕೆಣಕುತ್ತಿದ್ದಳು.

"ಏನಣ್ಣಾ, ರಾಣಿಯಮ್ಮನ ಸವಾರಿ ಈಗ್ ಬತ್ತಾ?"

"ರಾಜ ಕುದ್ರೆಗೆ ನೀರ್ ಕುಡುಸ್ತೀನಿ ಅಂತ ಓಡೋದ ಕಣಕ್ಕಾ, ಅದ್ಕೇ ಬಸ್ಸಲ್ ಬಂದೆ."

ಒರೆಸಿ ಮುಗಿದ ಮೇಲೆ ಉಳಿಯುತ್ತಿದ್ದ ಮುಖವನ್ನು ನಾನು ಹತ್ತಿರ ಕೂತು ನೋಡುತ್ತಿದ್ದೆ. ಎಣ್ಣೆಯಿಂದ ಹೊಳೆಯುವ, ನಿದ್ದೆಗೆಟ್ಟ, ಸಾಧಾರಣ ಕಪ್ಪು ಮುಖ. ಅದು ಸ್ವಲ್ಪ ಹೊತ್ತು ನಮ್ಮದಾಗಿ, ಮತ್ತೆ ಮಲಗಿಬಿಡುತ್ತಿತ್ತು. ಗೋಡೆಯ ತುಂಬ ಅವನ ಫೋಟೊಗಳಿದ್ದವು, ಒಂದರಲ್ಲೂ ಆ ಮುಖವಿರಲಿಲ್ಲ. ಸ್ಕೂಲಿನ ಗೆಳತಿಯರು ಬಂದು "ನಿಮ್ಮಪ್ಪ ಯಾರೇ ಇದ್ರಲ್ಲಿ?" ಎಂದರೆ ಎಲ್ಲವನ್ನೂ ತೋರಿಸುತ್ತಿದ್ದೆ, ಅವರು ನಂಬುತ್ತಿರಲಿಲ್ಲ. ಅಪ್ಪ ಅಪ್ಪನಂತೆಯೇ ಇರುವ ಒಂದು ಫೋಟೊ ಬೇಕು ಎಂದು ನಾನು ಹಟ ಹಿಡಿಯುತ್ತಿದ್ದೆ. "ಬಣ್ಣ ಇಲ್ದೆ ನನ್ನ ಯಾರ್ ನೋಡಾರು ಮಗ?" ಎಂದು ನಗುತ್ತಿದ್ದ.

ತೊಂಬತ್ತರ ದಶಕದ ನಡುವೆ ಸೋಮನಾಥಪುರಕ್ಕೆ ಒಂದು ಸಿನಿಮಾದವರು ಬಂದರು. ಬೇಲಿಯ ಪಕ್ಕ ಬಿದ್ದು ಪ್ರಾಣ ಬಿಡುವ ಮುದುಕನೊಬ್ಬ ಬೇಕಿತ್ತಂತೆ. ನಾಟಕದ ಮೇಷ್ಟ್ರೊಬ್ಬರು ಅಪ್ಪನನ್ನು ಕರೆದೊಯ್ದರು. ಅವನು ಎಷ್ಟು ಚೆನ್ನಾಗಿ ಸತ್ತನೆಂದರೆ, ದೀಪ ಹಿಡಿದಿದ್ದ ಹುಡುಗರು ಕೂಡ ಮಾತು ನಿಲ್ಲಿಸಿದರಂತೆ. ಅಲ್ಲಿಂದ ಅಪ್ಪನಿಗೆ ಸಿನಿಮಾದ ದಾರಿ ತೆರೆಯಿತು. ಪೊಲೀಸಿನವನು, ವಾಚ್‌ಮನ್, ಬೀಗರ ಕಡೆಯ ಜಗಳಗಂಟ, ಎಲ್ಲ ಮಾಡಿದ. ಆದರೆ ಹೆಚ್ಚಾಗಿ ಕರೆದದ್ದು ಸಾಯಲಿಕ್ಕೆ. ಸಿನಿಮಾದವರಲ್ಲಿ ಒಂದು ಪದ್ಧತಿಯಿದೆ. ಹೆಣವಾಗಿ ಮಲಗಿದವನು ಶಾಟ್ ಮುಗಿದ ಕೂಡಲೇ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು. ನಕ್ಕರೆ ಅಂದಿನ ಸಾವು ಅಲ್ಲಿಗೆ ಕಳೆಯಿತು ಎಂದು. ಅವ್ವನಿಗೆ ಇದು ಗೊತ್ತಾದ ಮೇಲೆ, ಅಪ್ಪ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ವಿಚಾರಣೆ ಶುರುವಾಗುತ್ತಿತ್ತು.

"ಇವತ್ತೂ ಸತ್ರಾ?"

"ಸತ್ತೆ."

"ಎದ್ದು ನಕ್ರೋ ಇಲ್ವೋ?"

"ನಕ್ಕೆ ಕಣೇ ಮಾರಾಯ್ತಿ, ದವಡೆಹಲ್ಲೂ ತೋರ್ಸಿ ಬಂದಿವ್ನಿ."

ಆಮೇಲೆಯೇ ಕಾಲಿಗೆ ನೀರು. ನಾನು ನಗುತ್ತಿದ್ದೆ. ಅವ್ವ ನಗುತ್ತಿರಲಿಲ್ಲ. ಅವಳಿಗೆ ಗಂಡನೆಂಬುವನು ದಿನಾ ಗಡಿಯವರೆಗೆ ಹೋಗಿ ವಾಪಸು ಬರುವ ಮನುಷ್ಯ. ಒಂದು ದಿನ ಮರೆತು ಅಲ್ಲೇ ಉಳಿದರೆ ಎಂಬ ಭಯ ಅವಳ ಕಣ್ಣಲ್ಲಿ ಯಾವಾಗಲೂ ಇತ್ತು.

ಆಮೇಲೆ ಟೀವಿ ಧಾರಾವಾಹಿಗಳ ಕಾಲ ಬಂತು. ಒಂದರಲ್ಲಿ ಅಪ್ಪನಿಗೆ ಸಿಕ್ಕ ಪಾರ್ಟು ವಿಚಿತ್ರದ್ದು. ಕತೆ ಶುರುವಾಗುವ ಹೊತ್ತಿಗೇ ಮನೆಯ ಯಜಮಾನ ತೀರಿಹೋಗಿರುತ್ತಾನೆ. ಗೋಡೆಯ ಮೇಲೆ ಅವನ ಫೋಟೊ ಮಾತ್ರ. ಬಣ್ಣ ಬೇಡ, ಒಳ್ಳೆಯ ಮನುಷ್ಯನ ಸಾದಾ ಮುಖ ಬೇಕು ಎಂದರಂತೆ. ಅಪ್ಪ ಬಿಳಿ ಶರಟು ತೊಟ್ಟು, ತಲೆಗೆ ನೀರು ಹಾಕಿ ಬಾಚಿ, ನಮ್ಮ ಬೀದಿಯ ಸ್ಟುಡಿಯೊದಲ್ಲಿ ತೆಗೆಸಿಕೊಂಡ. ಸಂಜೆ ಟೀವಿಯಲ್ಲಿ ಆ ಮುಖ ಬಂದಾಗ ನನಗೆ ಕುಣಿಯುವಷ್ಟು ಖುಷಿ. ನಾನು ಬೇಡಿದ ಮುಖವೇ ಅದು, ಸ್ವಲ್ಪ ವಾರೆಯಾದ ಮೂಗು, ನಗಲೋ ಬೇಡವೋ ಎನ್ನುವ ತುಟಿ. ಸುತ್ತ ಗಂಧದ ಹಾರ, ಮುಂದೆ ಊದುಬತ್ತಿ. ಸಿದ್ದಮ್ಮನ ಮನೆಯವರೆಲ್ಲ ನೋಡಿ ಬಾಯಿ ತುಂಬ ಹೊಗಳಿದರು. ಅವ್ವ ಎದ್ದು ಒಳಗೆ ಹೋದಳು.

"ಪಾರ್ಟು ಕಣೇ ಅದೂವೆ," ಎಂದ ಅಪ್ಪ.

"ಪಾರ್ಟಾದ್ರೆ ಎದ್ ನಗ್ತಿದ್ರಿ. ಫೋಟೊ ಎದ್ದು ನಗಾದ್ ಎಂಗೆ?"

 ಧಾರಾವಾಹಿ ಮುಗಿದಾಗ ಅವನು ಆ ಫೋಟೊವನ್ನು ಕಟ್ಟಿನ ಸಮೇತ ಕೇಳಿ ಮನೆಗೆ ತಂದ, ನನಗಾಗಿಯೇ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಫೋಟೊ ಇಲ್ಲ. ಅವ್ವ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋಗಿ, ಅರಿಸಿನ ಕುಂಕುಮ ಹಾಕಿ ಕಪಿಲೆ ಹೊಳೆಗೆ ಬಿಟ್ಟು ಬಂದಿದ್ದಳು. ಅಷ್ಟಕ್ಕೇ ನಿಲ್ಲದೆ ಸ್ಟುಡಿಯೊಗೆ ಹೋಗಿ ನೆಗೆಟಿವ್ ಈಸಿಕೊಂಡು ಅದನ್ನೂ ಒಲೆಗೆ ಹಾಕಿದ್ದಳು. ಒದ್ದೆ ಸೀರೆಯಲ್ಲಿ ಹೊಸಿಲ ಮೇಲೆ ನಿಂತ ಅವಳ ಮುಖದಲ್ಲಿ ಎಷ್ಟೋ ದಿನದ ಮೇಲೆ ನೆಮ್ಮದಿ ಕಂಡಿತು. ಅಪ್ಪ ಬೈಯಲಿಲ್ಲ. "ಇದ್ದ ಒಂದ್ ಮುಖನೂ ಒಳೆಗ್ ಬುಟ್ಯಾ," ಎಂದು ನಗುತ್ತಾ ಮಂಡಿಗೆ ಹೊರಟ.

ನಮ್ಮ ಎರಡೂ ಕಡೆಯ ಮನೆತನಗಳಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೈಸೂರಿಗೆ ಹೋಗುವ ರೈಲಿನ ಬಾಗಿಲ ಬಳಿ ನಿಂತೇ ಓದಿದ್ದೇನೆ, ಒಬ್ಬರಿಂದಲೂ ಪುಸ್ತಕ ದಾನ ಪಡೆದಿಲ್ಲ. ಘಟಿಕೋತ್ಸವದ ದಿನ ಅಪ್ಪ ಬಂದೇ ಬರುತ್ತೇನೆಂದಿದ್ದ. ಬಂದ, ಆದರೆ ತಲೆ ಬೋಳಿಸಿಕೊಂಡು, ಎದೆಯವರೆಗೆ ಗಡ್ಡ ಬಿಟ್ಟುಕೊಂಡು. ತಿಂಗಳುಗಟ್ಟಲೆ ದೂರದ ಊರಿನಲ್ಲಿ ನಡೆಯುತ್ತಿದ್ದ ಯಾವುದೋ ಸಿನಿಮಾದಲ್ಲಿ ಬೈರಾಗಿ. ಚಿತ್ರೀಕರಣ ಮುಗಿಯುವವರೆಗೆ ಗಡ್ಡ ಮುಟ್ಟುವಂತಿಲ್ಲ. ಕಪ್ಪು ಗೌನಿನಲ್ಲಿದ್ದ ನಾನು ಅವನನ್ನು ಜನರ ನಡುವೆ ಹುಡುಕಿ, ಎರಡು ಸಲ ದಾಟಿ ಹೋಗಿದ್ದೆ. ಸ್ಟುಡಿಯೊದಲ್ಲಿ ಅವನು ನನ್ನ ಹೆಗಲ ಮೇಲೆ ಕೈಯಿಟ್ಟ. ಹಾಗೇ ಫೋಟೊ ತೆಗೆದರು.  "ಕೂದ್ಲು ಬರ್ಲಿ ತಡಿ ಮಗ, ಇನ್ನೊಂದ್ಸಲ ಚೆಂದಾಗ್ ತೆಗ್ಸನ," ಎಂದ.

ಕೂದಲು ಬಂತು, ಗಡ್ಡ ಹೋಯಿತು, ಅಷ್ಟರಲ್ಲಿ ಇನ್ನೊಂದು ಪಾರ್ಟು ಬಂತು. ಹಾಗೇ ದಿನ ಹೋದವು. ಮಾರನೆಯ ವರ್ಷ ಒಂದು ಭಾನುವಾರ ಮಧ್ಯಾಹ್ನ ಊಟ ಮಾಡಿ ಚಾಪೆಯ ಮೇಲೆ ಮಲಗಿದವನು ಏಳಲಿಲ್ಲ. ಎದೆಯ ಕಾಯಿಲೆ ಎಂದರು ಡಾಕ್ಟರು. ಬೀದಿಯವರು ಬಂದು ತುಂಬಿಕೊಂಡರು. ಮಂಡಿಯ ಹುಡುಗನೊಬ್ಬ "ಸಾಕು ಏಳಣ್ಣಾ" ಎಂದು ಅಳುತ್ತಾ ಕಾಲು ಅಲುಗಿಸಿದ. ಅವ್ವ ಮಾತ್ರ ಅಳದೆ ಅಪ್ಪನ ಬಾಯಿಯನ್ನೇ ನೋಡುತ್ತಾ ಕೂತಿದ್ದಳು. ಅವಳು ಯಾವುದಕ್ಕೆ ಕಾಯುತ್ತಿದ್ದಾಳೆಂದು ಆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ತಿಥಿಗೆ ಫೋಟೊ ಬೇಕಾಯಿತು. ಗೋಡೆಯಿಂದ ಒಂದೊಂದೇ ಇಳಿಸಿದೆವು. ಋಷಿ, ದೂತ, ಪೊಲೀಸು, ರಾಣಿ. ಅಪ್ಪ ಅವ್ವನ ಮದುವೆಯಲ್ಲಿ ಫೋಟೊ ತೆಗೆಸುವ ಅನುಕೂಲ ಇರಲಿಲ್ಲವಂತೆ. ವೋಟಿನ ಕಾರ್ಡಿನಲ್ಲಿ ಇದ್ದದ್ದು ಬರೀ ಮಸಿ. ಕೊನೆಗೆ ಉಳಿದದ್ದು ನನ್ನ ಡಿಗ್ರಿಯ ಫೋಟೊ. ಆದರೆ ಬದುಕಿರುವವರು ಇರುವ ಫೋಟೊಗೆ ಹಾರ ಹಾಕುವಂತಿಲ್ಲ. ಅವ್ವ ನನ್ನನ್ನೂ ಕರೆದುಕೊಂಡು ನಮ್ಮ ಬೀದಿಯ ಅದೇ ಸ್ಟುಡಿಯೊಗೆ ಹೋದಳು. ಹೊಳೆಯ ವಿಷಯ ಅವಳೂ ಎತ್ತಲಿಲ್ಲ, ಸ್ಟುಡಿಯೊದವರೂ ಎತ್ತಲಿಲ್ಲ. ಅವರು ಕಂಪ್ಯೂಟರಿನಲ್ಲಿ ನನ್ನನ್ನು ಅಳಿಸತೊಡಗಿದರು.

"ಅವ್ವಾ, ಈ ಕೈ ಅಡ್ಡ ಬತ್ತದೆ. ಕತ್ತರಿಸ್ಬುಡ್ಲಾ?"

"ಬ್ಯಾಡಿ. ಕೈ ಕತ್ತರಿಸ್ಬ್ಯಾಡಿ. ಆ ಕಪ್ಪು ಬಟ್ಟೆ ಮಾತ್ರ ಒಂದ್ ಚೂರೂ ಇರ್ಕೂಡದು ನೋಡಿ, ಅದು ನನ್ ಮಗ್ಳುದು."

ತಿಥಿಯ ದಿನ ಸಿದ್ದಮ್ಮ ಎಲೆಯ ಮುಂದಿನಿಂದ ಎದ್ದು ಬಂದು, ಕಣ್ಣು ಕಿರಿದು ಮಾಡಿ ಗೋಡೆ ನೋಡಿದಳು. ಬೋಳು ತಲೆ, ಗಡ್ಡ, ನೀಲಿ ಬಣ್ಣದ ಬಯಲಲ್ಲಿ ಯಾರ ಮೇಲೂ ಇಲ್ಲದ ಒಂದು ಕೈ.

"ಇದ್ಯಾವ್ ಪಾರ್ಟಿಂದವ್ವಾ?"

"ಪಾರ್ಟಿಂದಲ್ಲ ಕಣಕ್ಕಾ," ಎಂದಳು ಅವ್ವ. "ಮಗ್ಳು ಡಿಗ್ರಿ ತಕ್ಕಂಡಾಗಿಂದು."

ಸಿದ್ದಮ್ಮ ಇನ್ನಷ್ಟು ಹತ್ತಿರ ಹೋಗಿ ನೋಡಿದಳು. "ಮಗ್ಳೆಲ್ಲಿ ಮತ್ತೆ?"

ಅವ್ವ ಹಾರವನ್ನು ಸ್ವಲ್ಪ ಪಕ್ಕಕ್ಕೆ ಎಳೆದು, ಆ ಕೈ ಕಾಣದಂತೆ ಮುಚ್ಚಿದಳು.