ಬ್ಯಾಟರಿ ಅಜ್ಜಿಯ ಬೆನ್ನ ಮೇಲಿನ ಕೋಡ್

"ಅಮ್ಮಾ, ಎಲ್ಲರೂ ಬ್ಯಾಟರಿ ಅಜ್ಜಿ ಬೆನ್ನನ್ನೇ ಯಾಕೆ ಫೋಟೋ ಹೊಡೀತಾರೆ? ಮುಖ ಚೆನ್ನಾಗಿಲ್ವಾ?"

ಭಾನುವಾರ ಸಿನಿಮಾದ ಮಧ್ಯಂತರದಲ್ಲಿ ಮಗಳು ಕೇಳಿದಳು. ಬಾಯಿ ತುಂಬ ಪಾಪ್‌ಕಾರ್ನ್, ಆದರೂ ದನಿ ಇಡೀ ಲಾಬಿಗೆ ಕೇಳಿಸುವಷ್ಟು. ಅಜ್ಜಿಗೂ ಕೇಳಿಸಿತು.

"ಮುಖ ನೋಡಿದ್ರೆ ಟಿಕೆಟ್ ದುಡ್ಡು ವಾಪಸ್ ಕೇಳ್ತಾರೆ ಕಣೇ ಪುಟ್ಟಿ," ಅಂದರು, ತಿರುಗದೆಯೇ. ತಿರುಗುವ ಹಾಗೂ ಇರಲಿಲ್ಲ. ಬೆನ್ನ ಹಿಂದೆ ಜನ ಫೋನ್ ಹಿಡಿದು ನಿಂತಿದ್ದರು.

ಅಜ್ಜಿ ನಮ್ಮ ಕೆಳಗಿನ ಮನೆಯವರು. ಅವರ ಗಂಡ ಇದೇ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಾಲೀಕರು ಇವರ ಕೈಗೆ ಬ್ಯಾಟರಿ ಕೊಟ್ಟು, ತಡವಾಗಿ ಬಂದವರಿಗೆ ಸೀಟು ತೋರಿಸಲು ನಿಲ್ಲಿಸಿದರು. ಅಂದಿನಿಂದ ಬ್ಯಾಟರಿ ಅಕ್ಕ. ಕೂದಲು ಬೆಳ್ಳಗಾದ ಮೇಲೆ ಬ್ಯಾಟರಿ ಅಜ್ಜಿ. ತೆರೆಗೆ ಅಡ್ಡ ಬಂದರೆ ಜನ ಬೈಯುತ್ತಾರೆಂದು ವರ್ಷಗಟ್ಟಲೆ ಬಗ್ಗಿಯೇ ನಡೆದವರ ಬೆನ್ನು ಈಗ ಬಾಗಿದ್ದು ಬಾಗಿದ ಹಾಗೇ.

ನನಗೆ ಅವರೊಡನೆ ಸಲುಗೆ ಬೆಳೆದದ್ದು ಮಗಳು ಕೈಗೂಸಾಗಿದ್ದಾಗ. ಹೆರಿಗೆಯ ನಂತರದ ಮೊದಲ ಸಿನಿಮಾ, ಕ್ಲೈಮ್ಯಾಕ್ಸ್‌ಗೆ ಸರಿಯಾಗಿ ಇವಳು ರಾಗ ತೆಗೆದಳು. ಕತ್ತಲಲ್ಲಿ ಅಜ್ಜಿಯ ಕೈ ಚಾಚಿತು. "ಇತ್ತ ಕೊಡಮ್ಮಾ. ಈ ಅಳುಮುಂಜಿ ನನ್ನ ಹತ್ರ ಇರ್ಲಿ, ನೀನು ಆರಾಮಾಗಿ ಸಿನಿಮಾ ನೋಡಿ ಅಳು."

ಈಗ ಎಲ್ಲರ ಫೋನಲ್ಲೂ ಲೈಟಿದೆ, ಬ್ಯಾಟರಿಗೆ ಕೆಲಸವಿಲ್ಲ. ಮ್ಯಾನೇಜರ್ ಅಜ್ಜಿಯನ್ನು ಕೆಲಸದಿಂದ ಬಿಡಿಸುವ ಬದಲು ಒಂದು ಕೋಟು ಕೊಟ್ಟ. ಅದರ ಬೆನ್ನಿಗೆ ತಟ್ಟೆಯಗಲದ ಕ್ಯೂಆರ್ ಕೋಡ್. ಸ್ಕ್ಯಾನ್ ಮಾಡಿದರೆ ಸಿನಿಮಾದ ಹಾಡು, ಶೂಟಿಂಗಿನ ತಮಾಷೆ ಎಲ್ಲ ಫೋನಲ್ಲಿ ತೆರೆದುಕೊಳ್ಳುತ್ತವೆ. ಮಧ್ಯಂತರದಲ್ಲಿ ಅಜ್ಜಿ ಓಡಾಡಿದರೆ ಸಾಕು.

ಆದರೆ ಬಾಗಿದ ಬೆನ್ನ ಮೇಲೆ ಬಟ್ಟೆ ಮುದುರಿ, ಕೋಡ್ ಸೊಟ್ಟಗಾಗಿಬಿಡುತ್ತದೆ.

"ಅಜ್ಜೀ, ಸ್ವಲ್ಪ ನೆಟ್ಟಗೆ ನಿಲ್ಲಿ, ಓಪನ್ ಆಗ್ತಿಲ್ಲ," ಅಂದ ಒಬ್ಬ.

"ನಾನು ನೆಟ್ಟಗಿದ್ದಾಗ ನೀನು ಹುಟ್ಟೇ ಇರ್ಲಿಲ್ಲ ಕಣಪ್ಪಾ! ನಾಚ್ಕೋಬೇಡ, ಎಳೆದು ಹಿಡಿ."

ಎಳೆದರೂ ಆಗಲಿಲ್ಲ. ಬೆಲ್ ಆಯಿತು, ಜನ ಗೊಣಗುತ್ತಾ ಒಳಗೆ ಹೋದರು. ಮ್ಯಾನೇಜರ್ ಕೌಂಟರ್ ಹತ್ತಿರ ನಿಂತು ಎಲ್ಲ ನೋಡುತ್ತಿದ್ದ.

ಸಂಜೆ ಅಜ್ಜಿ ಕೋಟು ಮಡಚಿ ಹಿಡಿದು ಮೇಲೆ ಬಂದರು. "ನಾಳೆಯೂ ಹೀಗೇ ಆದ್ರೆ ಕೋಟು ಬೇರೆಯವರಿಗಂತೆ. ಮನೇಲಿ ಕೂತು ನಾನೇನ್ಮಾಡ್ಲಿ, ಗೋಡೆಗೆ ಸೀಟು ತೋರಿಸ್ಲಾ?"

ನಗುತ್ತಲೇ ಅಂದರು. ಆದರೆ ನಾನು ಕೊಟ್ಟ ಕಾಫಿ ಕೈಯಲ್ಲೇ ಆರುತ್ತಿತ್ತು.

ಹೊಲಿಗೆ ಮಷೀನಿನ ಮೇಲಿದ್ದ ಮಗಳ ಬಟ್ಟೆ ಸರಿಸಿದೆ. ಕೋಡಿನ ಹಿಂದೆ ರಟ್ಟು ಸೇರಿಸಿ ಹೊಲಿದರೆ, ಅದು ಗೂನಿನ ಮೇಲೆ ತಕ್ಕಡಿಯ ಹಾಗೆ ತೂಗಾಡಿತು. ಮಗಳು ಬಿದ್ದು ಬಿದ್ದು ನಕ್ಕಳು. ಬೆನ್ನಿನ ಸಹವಾಸವೇ ಬೇಡವೆಂದು ಕೋಡನ್ನು ಬಿಚ್ಚಿ, ರಟ್ಟಿನ ಸಮೇತ ಒಂದು ಬಟ್ಟೆ ಚೀಲಕ್ಕೆ ಹೊಲಿದೆ. ಅಜ್ಜಿ ಅದನ್ನು ಹೆಗಲಿಗೆ ಇಳಿಬಿಟ್ಟರು. ನನ್ನ ಫೋನ್ ಹಿಡಿದದ್ದೇ ತಡ, ಹಾಡು ಶುರುವಾಯಿತು.

ಹಾಡು ಮುಗಿದ ಮೇಲೆ ಅಜ್ಜಿ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

"ನೋಡು, ಇನ್ನೊಂದು ಉಪಕಾರ ಮಾಡ್ಬೇಕು," ಅಂದರು. "ಕೋಟಿಗೆ ಕತ್ತರಿ ಹಾಕಿದ್ದಕ್ಕೆ ಆ ಮ್ಯಾನೇಜರ್ ಕೂಗಾಡ್ತಾನೆ. ನನ್ನದು ಬರೀ ಗುಂಡಿ ಒತ್ತೋ ಫೋನು. ನಾಳೆ ಮೊದಲ ಆಟಕ್ಕೆ ಮುಂಚೆ ಬಂದು, ಅವನು ಬಾಯಿ ತೆಗೆಯೋದ್ರೊಳಗೆ ಅವನ ಎದುರಿಗೇ ಒಂದ್ಸಲ ಹೀಗೆ ಹಾಡು ಹಾಕಿಸ್ತೀಯಾ?"