ಅಂಬಿಕಾ ಕೆಳಗಿಟ್ಟ ಮೂರು ರಾಣಿ

ಕಲಬುರಗಿಯ ಆ ಓಣಿಯಲ್ಲಿ ನಳದ ನೀರು ಯಾವಾಗ ಬರುತ್ತದೆಂದು ಹೇಳಬಲ್ಲವರು ಇನ್ನೂ ಹುಟ್ಟಿಲ್ಲ. ನಸುಕಿನ ಐದಕ್ಕೂ ಬಂದೀತು, ಏಳಕ್ಕೂ ಬಂದೀತು. ಕಾಯುವುದಂತೂ ತಪ್ಪಿದ್ದಲ್ಲ. ಅಂಬಿಕಾ ಪೋಕರ್ ಕಲಿತದ್ದು ಹೀಗೆ ನೀರು ಕಾಯುತ್ತ ಕೂತು, ಒಂದು ಕೈಯಲ್ಲಿ ಪೈಪು, ಇನ್ನೊಂದರಲ್ಲಿ ಮೊಬೈಲು ಹಿಡಿದು.

ಅವಳಿಗೆ ನಲವತ್ತೆರಡು. ಶರಣಬಸವೇಶ್ವರ ದೇವಸ್ಥಾನದ ಕಡೆಯ ಒಂದು ಕಾಲೇಜಿನಲ್ಲಿ ಗುಮಾಸ್ತೆ. ಗಂಡ ಆನಂದಕುಮಾರನಿಗೆ ಊರಿನ ಜಗತ್ ವೃತ್ತದಲ್ಲಿ ಔಷಧಿ ಅಂಗಡಿ. ಸಿಟ್ಟು ಕಡಿಮೆ, ಶರತ್ತು ಹೆಚ್ಚು. ಹೆಂಡತಿ ಮೊಬೈಲಿನಲ್ಲಿ ಇಸ್ಪೀಟು ಆಡುತ್ತಾಳೆಂದು ತಿಳಿದಾಗ ಅವನು ಹೇಳಿದ್ದು ಒಂದೇ ಮಾತು: "ತಿಂಗಳಿಗೆ ಮುನ್ನೂರು ರೂಪಾಯಿ. ಅದು ತೀರಿದ್ರ ಒಂದನೇ ತಾರೀಖಿನ ತನಕ ಬಾಯಿ ಮುಚ್ಚಿಕೊಂಡು ಕೂಡಬೇಕು." ಅವಳು ಆ ಮಾತು ಮೀರಲಿಲ್ಲ. ದುಡ್ಡಿನ ಆಸೆ ಅವಳಿಗೆ ಇರಲೇ ಇಲ್ಲ. ಅವಳ ಆಸೆ ಬೇರೆ, ಅದು ಮೂವತ್ತು ವರ್ಷ ಹಳೆಯದು, ಅದು ಇದ್ದದ್ದು ಕಮಲಾಪುರದಲ್ಲಿ.

ಕಮಲಾಪುರದಲ್ಲಿ ಅವಳ ಅಪ್ಪ ಸೂಗಪ್ಪನವರ ಕಿರಾಣಿ ಅಂಗಡಿ. ಮುಂದೆ ಕೆಂಬಾಳೆಯ ಗೊನೆಗಳು, ಒಳಗೆ ಬೇಳೆಯ ಚೀಲಗಳು, ನಡುವೆ ಬಿಳಿ ಗಾದಿಯ ಮೇಲೆ ಸೂಗಪ್ಪನವರು. ದೀಪಾವಳಿ ಅಮಾವಾಸ್ಯೆಯ ಸಂಜೆ ಲಕ್ಷ್ಮಿ ಪೂಜೆ ಮುಗಿದ ಕೂಡಲೇ ಅದೇ ಗಾದಿಯ ಮೇಲೆ ಇಸ್ಪೀಟಿನ ಮೂರೆಲೆ ಆಟ. ಲಕ್ಷ್ಮಿಯ ಫೋಟೋದ ಹಿಂದೆ ರೂಪಾಯಿ ನಾಣ್ಯಗಳ ಒಂದು ಚೀಲ ವರ್ಷವಿಡೀ ಮಲಗಿರುತ್ತದೆ. ಆಟಕ್ಕೆ ಮೊದಲು ಎಲ್ಲರಿಗೂ ಸಮ ಹಂಚಿಕೆ, ಮುಗಿದ ಮೇಲೆ ಅಷ್ಟೂ ಮತ್ತೆ ಚೀಲಕ್ಕೆ. ಗೆದ್ದವನು ಮನೆಗೆ ಒಯ್ಯುವುದು ಹೆಸರೊಂದನ್ನೇ, ಆದರೆ ಆ ಹೆಸರು ಮುಂದಿನ ದೀಪಾವಳಿಯವರೆಗೆ ಬಾಳುತ್ತದೆ. ಮನೆಯ ಹೆಣ್ಣುಮಕ್ಕಳದು ಚಹಾ, ತಿನ್ನಲು ಚೂಡಾ ತರುವ ಕೆಲಸ. ಗಾದಿ ಹತ್ತುವ ಹಾಗಿಲ್ಲ.

ಹನ್ನೊಂದು ವರ್ಷದವಳಿದ್ದಾಗ ಅಂಬಿಕಾ ಚಹಾದ ತಟ್ಟೆ ಹಿಡಿದು ಅಪ್ಪನ ಬೆನ್ನ ಹಿಂದೆ ನಿಂತು, "ಅಪ್ಪಾ, ರೇವಣ ಕಾಕಾನ ಕೈಯಾಗ ಏನಿಲ್ಲ. ಏನಿಲ್ಲದಾಗ ಕಾಕಾ ಗಡಿಬಿಡಿ ಮಾಡ್ತಾನ," ಎಂದುಬಿಟ್ಟಿದ್ದಳು. ಕಾಕಾನ ಮುಖ ಕೆಂಪಾಯಿತು. ಹುಡುಗಿ ಹೇಳಿದ್ದು ನಿಜವೇ ಆಗಿತ್ತು. ಸೂಗಪ್ಪನವರು ನಕ್ಕರು. "ನೋಡೋರು ಬ್ಯಾರೆ, ಆಡೋರು ಬ್ಯಾರೆ. ನೀ ಚಹಾ ತಗೊಂಡ ಬಾ ಹೋಗು." ಅವರು ಬೈದಿದ್ದರೆ ಅವಳು ಮರೆತುಬಿಡುತ್ತಿದ್ದಳು. ನಕ್ಕರಲ್ಲ, ಅದು ಚುಚ್ಚಿತು. ಒಂದು ದಿನ ಅಪ್ಪ ತನಗೂ ಮೂರು ಎಲೆ ಹಾಕಬೇಕು, ತಾನು ಆಡಿ ತೋರಿಸಬೇಕು. ಆ ಆಸೆ ಮದುವೆಯಾದರೂ ಹೋಗಲಿಲ್ಲ, ನೌಕರಿ ಹಿಡಿದರೂ ಹೋಗಲಿಲ್ಲ.

ಪೋಕರಿನಲ್ಲಿ ಕೈಗೆ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಏಳರಲ್ಲಿ ಒಳ್ಳೆಯ ಐದನ್ನು ಆರಿಸಿಕೊಂಡು ಲೆಕ್ಕ. ಮೂರೆಲೆ ನೋಡಿ ಬೆಳೆದವಳಿಗೆ ಇದೇನು ಮಹಾ ಎನಿಸಿತು. ಒಂದು, ಎರಡು ರೂಪಾಯಿಯ ಮೇಜಿನಲ್ಲಿ ಕೂತ ಮೂರನೇ ದಿನವೇ ಅವಳಿಗೆ ಐದರಿಂದ ಒಂಬತ್ತರವರೆಗೆ ಸಾಲಾಗಿ ಎಲೆ ಬಂತು. ಇದ್ದದ್ದನ್ನೆಲ್ಲ ಮುಂದೆ ತಳ್ಳಿದಳು. ಎದುರಿನವನು ಒಂದೇ ಜಾತಿಯ ಐದು ಎಲೆ ತೋರಿಸಿ ಅಷ್ಟನ್ನೂ ಬಾಚಿಕೊಂಡ. ಆ್ಯಪಿನವರು ಕಳ್ಳರು ಎಂದು ಅವಳು ಗೊಣಗುವಷ್ಟರಲ್ಲಿ ಡ್ರಮ್ಮು ತುಂಬಿ ಅಂಗಳವೆಲ್ಲ ನೀರಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೂರೆಲೆಯಲ್ಲಿ ಸಾಲು ದೊಡ್ಡದು, ಒಂದೇ ಜಾತಿ ಚಿಕ್ಕದು. ಪೋಕರಿನಲ್ಲಿ ಅದು ತಿರುಗುಮುರುಗು. ಕಮಲಾಪುರದ ಗಾದಿಯ ಕಾನೂನೇ ಲೋಕದ ಕಾನೂನು ಎಂದು ಅವಳು ನಂಬಿದ್ದಳು. ಯಾಕೆ ತಿರುಗುಮುರುಗು ಎಂಬುದೇ ಅವಳ ಮೊದಲ ಪಾಠವಾಯಿತು. ಕಾಲೇಜಿನ ಗ್ರಂಥಾಲಯ ನೋಡಿಕೊಳ್ಳುವ ರೋಷನಬಿಯನ್ನು ಸಂಭವನೀಯತೆಯ ಪುಸ್ತಕ ಕೇಳಿದಳು. ರೋಷನಬಿ ರೋಜಾ ಉಪವಾಸ ತಪ್ಪಿಸದವಳು, ಐದು ಹೊತ್ತಿನ ನಮಾಜಿನವಳು. ವಿಷಯ ತಿಳಿದು ಹುಬ್ಬು ಏರಿಸಿದಳು, ಆಮೇಲೆ ಪುಸ್ತಕ ತಂದಿಟ್ಟಳು. "ಜುಗಾರಿ ಹರಾಮ್ ಅದ ಅಕ್ಕಾ. ಲೆಕ್ಕ ಹರಾಮ್ ಅಲ್ಲ. ಲೆಕ್ಕ ಕಲಿತು ಜುಗಾರಿ ಬಿಡ್ರಿ." ಊಟದ ಬಿಡುವಿನಲ್ಲಿ ಇಬ್ಬರೂ ಕೂತು ಐದು ಎಲೆ ಎಷ್ಟು ಬಗೆಯಲ್ಲಿ ಬಂದೀತೆಂದು ಎಣಿಸಿದರು. ಸಾಲು ಹೆಚ್ಚು ಸಲ ಬರುತ್ತದೆ, ಒಂದೇ ಜಾತಿ ಕಡಿಮೆ ಸಲ. ಅಪರೂಪಕ್ಕೆ ಬರುವುದಕ್ಕೆ ಬೆಲೆ ಹೆಚ್ಚು, ಅಷ್ಟೇ ಕಥೆ.

ಲೆಕ್ಕವೇನೋ ಬಂತು. ಸೋಲು ಮಾತ್ರ ನಿಲ್ಲಲಿಲ್ಲ. ಆಗ ಅವಳು ಒಂದು ನೋಟ್‌ಬುಕ್ ಇಟ್ಟಳು. ಅದರಲ್ಲಿ ಗೆದ್ದದ್ದು ಸೋತದ್ದು ಬರೆಯಲಿಲ್ಲ. ಯಾವ ಎಲೆ ಇತ್ತು, ಏನು ಮಾಡಿದೆ, ಯಾಕೆ ಮಾಡಿದೆ, ಇಷ್ಟೇ. ಆ "ಯಾಕೆ" ಬರೆಯುವಾಗ ಹತ್ತರಲ್ಲಿ ಏಳು ಕಡೆ ಒಂದೇ ಉತ್ತರ: "ಅವನ ಕೈಯಲ್ಲಿ ಏನಿದೆ ಅಂತ ನೋಡಬೇಕಿತ್ತು." ಸೋಲುತ್ತೇನೆಂದು ಗೊತ್ತಿದ್ದೂ, ಕೊನೆಯ ಎಲೆಯ ತನಕ ದುಡ್ಡು ಕಟ್ಟಿ, ಎದುರಿನವನ ಎಲೆ ನೋಡಿ, ಹೌದು, ನಾನಂದುಕೊಂಡದ್ದೇ ಸರಿ ಎಂದು ಸಮಾಧಾನ ಪಡುತ್ತಿದ್ದಳು. ಬಾಲ್ಯವಿಡೀ ಬೆನ್ನ ಹಿಂದೆ ನಿಂತು ನೋಡಿದವಳು ಈಗ ನೋಡುವುದಕ್ಕೇ ದುಡ್ಡು ತೆರುತ್ತಿದ್ದಳು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಅಂಬಿಕಾ ಸುಡಲು ಹೋಗಲಿಲ್ಲ, ಪಳಗಿಸಿದಳು.

ಮೊದಲ ನಿಯಮ: ಹತ್ತು ಸಲ ಎಲೆ ಬಂದರೆ ಎಂಟು ಸಲ ಕೆಳಗಿಡು. ಎರಡನೆಯದು: ಎಲೆ ಕೆಳಗಿಟ್ಟ ಮೇಲೂ ಮೇಜು ಬಿಟ್ಟು ಏಳಬೇಡ, ಮಂದಿಯನ್ನು ನೋಡು. ಇದಕ್ಕೆ ದುಡ್ಡು ಬೀಳುವುದಿಲ್ಲ, ಅವಳಿಗೆ ಅಭ್ಯಾಸವೂ ಇತ್ತು. ಯಾರು ಯಾವ ಎಲೆಗೆ ಏರಿಸುತ್ತಾರೆ, ಯಾರು ಸೋತ ಸಿಟ್ಟಿಗೆ ಏರಿಸುತ್ತಾರೆ, ಎಲ್ಲ ನೋಟ್‌ಬುಕ್ಕಿಗೆ ಬಂತು. ಆರು ತಿಂಗಳು ಕಳೆಯುವ ಹೊತ್ತಿಗೆ ಮುನ್ನೂರು ರೂಪಾಯಿ ತಿಂಗಳ ಕೊನೆಗೂ ಉಳಿಯತೊಡಗಿತು. ವರ್ಷ ಕಳೆಯುವ ಹೊತ್ತಿಗೆ ಗಂಡನನ್ನು ದುಡ್ಡು ಕೇಳುವುದೇ ನಿಂತಿತು. ಅದಕ್ಕಿಂತ ದೊಡ್ಡದೆಂದರೆ, ಸರಿಯಾಗಿ ಆಡಿ ಸೋತ ದಿನ ಅವಳು ನೆಮ್ಮದಿಯಿಂದ ರೊಟ್ಟಿ ಬಡಿಯುತ್ತಿದ್ದಳು, ತಪ್ಪಾಡಿ ಗೆದ್ದ ದಿನ ಚಡಪಡಿಸುತ್ತಿದ್ದಳು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು: "ಒಬ್ಬರ ರೂಢಿ ಇದ್ದಕ್ಕಿದ್ದಂತೆ ಬದಲಾದರೆ ಅವರ ಎಲೆ ಬಿಡು, ಅವರಿಗೆ ಏನಾಗಿದೆ ಅಂತ ಯೋಚಿಸು."

ಎರಡು ಸಾವಿರದ ಇಪ್ಪತ್ತೈದರ ಆಗಸ್ಟಿನಲ್ಲಿ ಹೊಸ ಕಾನೂನು ಬಂತು. ದುಡ್ಡಿನ ಆಟದ ಆ್ಯಪುಗಳೆಲ್ಲ ಒಂದೇ ವಾರದಲ್ಲಿ ಕದ ಹಾಕಿದವು. ಅಂಬಿಕಾಳ ಉಳಿದ ದುಡ್ಡು ವಾಪಸು ಬಂತು. ರೋಷನಬಿ ಖುಷಿಪಟ್ಟು ಪೇಢಾ ತಂದಳು. ಅಂಬಿಕಾ ಪೇಢಾ ತಿಂದಳು, ಆದರೆ ಆ ವಾರವೆಲ್ಲ ನೀರು ಕಾಯುವಾಗ ಅವಳ ಕೈಗೆ ಏನು ಮಾಡುವುದೆಂದು ತೋಚಲಿಲ್ಲ. ಎರಡು ವರ್ಷ ಕಲಿತದ್ದನ್ನು ಎಲ್ಲಿ ಇಡುವುದೆಂದೂ ತಿಳಿಯಲಿಲ್ಲ.

ಆ ವರ್ಷ ದೀಪಾವಳಿಗೆ ಕಮಲಾಪುರದ ಗಾದಿಯ ಮೇಲೆ ಒಂದು ಜಾಗ ಖಾಲಿಯಿತ್ತು. ಅಪ್ಪನ ಹಳೆಯ ಗೆಳೆಯ ಚಂದ್ರಾಮಪ್ಪನವರು ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಉಳಿದವರು ಸೂಗಪ್ಪನವರು, ರೇವಣ ಕಾಕಾ, ಅಂಬಿಕಾಳ ತಮ್ಮ ಯಶವಂತ. "ಮೂರ ಮಂದಿಗೆ ಆಟ ರಂಗೇರಂಗಿಲ್ಲ," ಎಂದ ಕಾಕಾ. ಯಶವಂತ ಮೆಲ್ಲಗೆ ಹೇಳಿದ: "ಅಕ್ಕನ್ನ ಕೂಡಿಸಿಕೊಳ್ರಿ ಅಪ್ಪಾ." ಸೂಗಪ್ಪನವರು ಗಾದಿಯ ಖಾಲಿ ಜಾಗವನ್ನು ಕೈಯಿಂದ ತಟ್ಟಿದರು. "ಬಾ ಅಂಬಿಕಾ. ಕೂಡು," ಎಂದರು. ಮೂವತ್ತೊಂದು ವರ್ಷ ಕಾದ ಮಾತು ಎರಡು ಕ್ಷಣದಲ್ಲಿ ಮುಗಿಯಿತು. ತಾಯಿ ನೀಲಗಂಗಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು.

ಅಂಬಿಕಾ ಗಾದಿ ಹತ್ತಿ ಕೂತಳು, ಚೆನ್ನಾಗಿಯೇ ಆಡಿದಳು. ಆದರೆ ನಾಲ್ಕೈದು ಆಟ ಮುಗಿಯುವುದರಲ್ಲಿ ಅವಳ ಮನಸ್ಸು ತನ್ನ ಎಲೆಗಳಿಂದ ಅಪ್ಪನ ಕಡೆ ಸರಿಯಿತು. ಎಲೆ ಹಂಚುವ ಕೆಲಸ ಅಪ್ಪ ಯಾರಿಗೂ ಬಿಟ್ಟವರಲ್ಲ. ಇವತ್ತು ಯಶವಂತನಿಗೆ ಕೊಟ್ಟಿದ್ದರು. ಮೂರೆಲೆಯಲ್ಲಿ ತನ್ನ ಎಲೆ ನೋಡದೆಯೂ ಆಡಬಹುದು. ಅಪ್ಪ ಎರಡು ಸುತ್ತು ಹಾಗೆ ಆಡಿ, ಮೂರನೆಯದಕ್ಕೆ ಮೀಸೆ ತೀಡುತ್ತ ಎತ್ತಿ ನೋಡುವವರು. ಇವತ್ತು ಒಮ್ಮೆಯೂ ನೋಡಲಿಲ್ಲ. ಆಟ ಬಿಗಿಯಾದರೆ, ನೋಡದ ಎಲೆಯನ್ನು ನೋಡದೆಯೇ ಒಳಗೆ ತಳ್ಳಿ, "ತಗೊಳ್ರಿ, ನಿಮ್ಮದೇ," ಎಂದುಬಿಡುತ್ತಿದ್ದರು. ಹುಚ್ಚ ಕೂಡ ಹಾಗೆ ಆಡುವುದಿಲ್ಲ. ಪೂಜೆಯಲ್ಲಿ ಅವರು ಎಣ್ಣೆಯನ್ನು ದೀಪದ ಪಕ್ಕಕ್ಕೆ ಸುರಿದದ್ದು ಅವಳಿಗೆ ನೆನಪಾಯಿತು. ಕೆಂಪು ಶಾಯಿಯ ಸಾಲೂ ನೆನಪಾಯಿತು.

ಅಷ್ಟರಲ್ಲಿ ಕೊನೆಯ ಆಟದ ಎಲೆ ಬಿತ್ತು. ಅಂಬಿಕಾ ಎತ್ತಿ ನೋಡಿದಳು. ಮೂರು ರಾಣಿ. ಜನ್ಮದಲ್ಲಿ ಒಮ್ಮೆ ಬರುವಂಥ ಎಲೆ. ಅವಳು ಏರಿಸಿದಳು, ಕಾಕಾ ಬಿಟ್ಟ. ಮತ್ತೆ ಏರಿಸಿದಳು, ಯಶವಂತ ಬಿಟ್ಟ. ಅಪ್ಪ ಮಾತ್ರ ನೋಡದೆಯೇ ನಾಣ್ಯ ಹಾಕುತ್ತ ಬಂದರು. ಬಹುಶಃ ವರ್ಷದ ಕೊನೆಯ ಆಟವನ್ನು ಮಗಳ ಮುಂದೆ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅವಳು ಮೂರನೇ ಸಲ ಏರಿಸಿದಳು.

"ಅಣ್ಣಾ, ಈಗರ ಎತ್ತಿ ನೋಡ್ರಿ," ಎಂದ ಕಾಕಾ.

ಎಲ್ಲರೂ ನೋಡುತ್ತಿದ್ದರು, ಎತ್ತದೆ ವಿಧಿಯಿರಲಿಲ್ಲ. ಸೂಗಪ್ಪನವರು ಮೂರು ಎಲೆ ಎತ್ತಿ ಹತ್ತಿರ ಹಿಡಿದರು, ದೂರ ಹಿಡಿದರು, ದೀಪದ ಕಡೆ ವಾಲಿಸಿದರು. ಅವರ ಕಣ್ಣು ಎಲೆಗಳ ಮೇಲೆ ನಿಲ್ಲಲೇ ಇಲ್ಲ. "ಆಡ್ತೀನಿ," ಎಂದು ನಾಣ್ಯ ಹಾಕಿದರು.

"ಶೋ ಕೇಳು ಅಂಬಿಕಾ," ಎಂದ ಕಾಕಾ. "ಕೇಳಿ ಮುಗಿಸು."

ಶೋ ಕೇಳಿದರೆ, ಆ ಗಾದಿಯ ರೂಢಿಯಂತೆ, ಅಪ್ಪ ಎಲೆ ಬಿಚ್ಚಿಡುತ್ತ ಅದು ಏನೆಂದು ಬಾಯಿಬಿಟ್ಟು ಹೇಳಬೇಕು. ನಾಲ್ಕು ಮಂದಿಯ ಮುಂದೆ, ಅವರದೇ ಗಾದಿಯ ಮೇಲೆ, ಅವರಿಂದ ಅದು ಆಗದು. ಕೇಳದಿದ್ದರೆ ಅವಳ ಮೂವತ್ತೊಂದು ವರ್ಷ ಹೋಯಿತು. ಅವಳಿಗೆ ಅಳು ಬಂತು, ನುಂಗಿಕೊಂಡಳು. ಮೂರು ರಾಣಿಯರನ್ನು ಮುಖ ಕೆಳಗೆ ಮಾಡಿ ರಾಶಿಯೊಳಗೆ ತೂರಿಸಿದಳು. "ನನ್ನ ಹತ್ರ ಏನಿಲ್ಲ ಅಪ್ಪಾ. ನೀವೇ ಗೆದ್ರಿ."

ಕಾಕಾ ತೊಡೆ ತಟ್ಟಿ ನಕ್ಕ. "ಹೆಣ್ಣುಮಕ್ಕಳ ಆಟ ಇಷ್ಟೇ ನೋಡ್ರಿ." ಈ ಮಾತು ಮುಂದಿನ ದೀಪಾವಳಿಯವರೆಗೆ ಕಮಲಾಪುರದಲ್ಲಿ ಓಡಾಡುತ್ತದೆಂದು ಅಂಬಿಕಾಳಿಗೆ ಗೊತ್ತಿತ್ತು. ಸೂಗಪ್ಪನವರು ನಗಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅಪ್ಪ ಒಬ್ಬರೇ ಇದ್ದಾಗ ಅವಳು ಹೇಳಿದಳು: "ನನ್ನ ಜೋಡಿ ಕಲಬುರಗಿಗೆ ಬರ್ರಿ ಅಪ್ಪಾ. ಕಣ್ಣು ತೋರಿಸೋಣು."

ಸೂಗಪ್ಪನವರು ಗಾದಿಯ ಅಂಚು ಸವರುತ್ತ ಕೂತರು. "ಯಾರಿಗೆ ಹೇಳಿದಿ?"

"ಯಾರಿಗೂ ಇಲ್ಲ."

"ಯಶವಂತಗ ಗೊತ್ತಾದ್ರ, ಇನ್ನ ಸಾಕು ಏಳ್ರಿ ಅಂತಾನ. ಗಾದಿ ಬಿಟ್ಟು ನಾ ಎಲ್ಲಿ ಕೂಡಬೇಕು?" ಅವರ ದನಿ ಹುಡುಗನ ದನಿಯ ಹಾಗೆ ಕೇಳಿಸಿತು. ಅಂಬಿಕಾ ಅವರ ಚಪ್ಪಲಿ ತಂದಿಟ್ಟಳು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಮೊದಲು ಬಲಗಣ್ಣಿಗೆ ಆಪರೇಶನ್ ಮಾಡಿದರು, ಮಗಳ ಮನೆಯಲ್ಲಿ ಹತ್ತು ದಿನ ಇರಿ ಎಂದರು. ಎಂಟನೇ ದಿನ ಸೂಗಪ್ಪನವರು ಇಸ್ಪೀಟಿನ ಕಟ್ಟು ಕೇಳಿದರು. ಮಂಚದ ಮೇಲೆ ಕೂತು, ಕಪ್ಪು ಕನ್ನಡಕದೊಳಗಿಂದ ಒಂದೊಂದೇ ಎಲೆ ನೋಡಿ, ಚಿಕ್ಕ ಮಗುವಿನ ಹಾಗೆ ಹೆಸರು ಹೇಳುತ್ತ ಬಂದರು. ರಾಣಿ ಬಂದಾಗ ನಿಂತರು.

"ಆವತ್ತ ಕೊನೆ ಆಟಕ್ಕ ನಿನ್ನ ಕೈಯಾಗ ಏನಿತ್ತು?"

"ಏನೂ ಇರಲಿಲ್ಲ ಅಪ್ಪಾ."

"ಸುಳ್ಳು ಹೇಳಬ್ಯಾಡ. ಆವತ್ತ ಸಂಜಿಯೆಲ್ಲಾ ನಿನ್ನ ಆಟ ಕಿವಿಲೆ ಕೇಳಾಕತ್ತಿದ್ದೆ. ಹತ್ತು ಸಲಕ್ಕ ಎಂಟು ಸಲ ಬಿಡ್ತಿದ್ದಿ. ಮೂರು ಸಲ ಏರಿಸಿದಿ ಅಂದ್ರ ಅದು ದೊಡ್ಡ ಎಲೀನೇ."

ಈ ಸಲ ಅಂಬಿಕಾಳಿಗೆ ಅಳು ನುಂಗಿಕೊಳ್ಳಲು ಆಗಲಿಲ್ಲ, ಕಣ್ಣೀರು ಹಾಗೇ ಇಳಿಯಿತು. ಸೂಗಪ್ಪನವರು ಎಲೆ ಕಲೆಸಿದರು. ಅವಳ ಮುಂದೆ ಮೂರು, ತಮ್ಮ ಮುಂದೆ ಮೂರು, ತಮ್ಮ ಕೈಯಾರೆ ಹಂಚಿದರು. ಕಣ್ಣೊರೆಸಿಕೊಂಡು ಅವಳು ಅಭ್ಯಾಸದಂತೆ ಚಹಾ ಇಡಲು ಎದ್ದಳು. ಅವರು ಅವಳ ಕೈ ಹಿಡಿದು ಕೂಡಿಸಿ, ಪಡಸಾಲೆಯಲ್ಲಿ ಪೇಪರು ಓದುತ್ತಿದ್ದ ಆನಂದಕುಮಾರನಿಗೆ ಕೇಳುವಂತೆ ಹೇಳಿದರು:

"ಅಳಿಯಂದ್ರ, ಎರಡು ಕಪ್ ಚಹಾ ತಗೊಂಡ ಬರ್ರಿ. ಅಂಬಿಕಾ ಆಟಕ್ಕ ಕುಂತಾಳ."