ದೊಡ್ಡಪ್ಪನ ದರ್ಭೆ ಚಾಪೆ

ಇವತ್ತು ಗ್ರಹಣ. ಟ್ಯಾಂಕರ್ ನೀರು ತುಂಬಿಸಿಟ್ಟ ಡ್ರಮ್ಮಿಗೆ ದರ್ಭೆ ಹಾಕುವಾಗ ಅಜ್ಜಿ ಹೇಳುತ್ತಿದ್ದ ಅವರ ಬಾಲ್ಯದ ಕಥೆ ನೆನಪಾಯಿತು. ಅವರ ಮಾತಿನಲ್ಲೇ ಬರೆಯುತ್ತೇನೆ.

ಬಸವನಗುಡಿ ಆಗಿನ್ನೂ ಹೊಸ ಬಡಾವಣೆ. ಬೇಸಿಗೆಗೆ ನಮ್ಮ ಬಾವಿ ಬತ್ತಿತ್ತು. ಅಮ್ಮ ಬೀದಿ ನಲ್ಲಿಯಿಂದ ಹೊತ್ತು ತಂದು ಹಂಡೆ, ಕೊಳಗ, ಕೊನೆಗೆ ರುಬ್ಬುವ ಒರಳಿಗೂ ನೀರು ತುಂಬಿಸಿಟ್ಟಿದ್ದಳು. ಅಷ್ಟರಲ್ಲಿ ಸೂರ್ಯಗ್ರಹಣ ಬಂತು.

"ದರ್ಭೆ ಹಾಕಿದ ನೀರು ಮಾತ್ರ ಶುದ್ಧ. ಮನೇಲಿರೋ ದರ್ಭೆ ದೇವರ ಬಿಂದಿಗೆಗೇ ಸರಿಹೋಗತ್ತೆ. ಗ್ರಹಣ ಬಿಟ್ಮೇಲೆ ಮಿಕ್ಕಿದ್ದೆಲ್ಲ ಚೆಲ್ಲಿಬಿಡಿ" ಎಂದರು ದೊಡ್ಡಪ್ಪ.

ಅಮ್ಮ ಅವರೆದುರು ನಿಂತು ಮಾತಾಡಿದವಳೇ ಅಲ್ಲ. ಸೀದಾ ಒಳಗೆ ಹೋದಳು.

ಗ್ರಹಣ ಹಿಡಿಯುವ ಹೊತ್ತಿಗೆ ದೊಡ್ಡಪ್ಪ ಜಪಕ್ಕೆ ಬಂದರು. ಅವರು ಕೂರುವ ದರ್ಭೆ ಚಾಪೆ ಕಾಣಲಿಲ್ಲ.

"ನನ್ನ ಚಾಪೆ ಎಲ್ಲಿ ಹೋಯ್ತು?"

ಬಾಗಿಲ ಮರೆಯಿಂದ ಅಮ್ಮನ ದನಿ ಗಟ್ಟಿಯಾಗಿ ಬಂತು. "ಬಿಚ್ಚಿ ನೀರಿಗೆ ಹಾಕಿದೀನಿ ಭಾವ. ಒಂದು ತೊಟ್ಟೂ ಚೆಲ್ಲಲ್ಲ."

ದೊಡ್ಡಪ್ಪ ಬರಿನೆಲದ ಮೇಲೆ ಕೂತರು. ಗ್ರಹಣ ಬಿಟ್ಟ ಮೇಲೆ ಸ್ನಾನಕ್ಕೆ ಅದೇ ಹಂಡೆಯಿಂದ ತೋಡಿಕೊಂಡರು.

ಇಷ್ಟು ಬರೆಯುವಷ್ಟರಲ್ಲಿ ಬಚ್ಚಲಿನಿಂದ ಮಗಳು ಕೂಗುತ್ತಿದ್ದಾಳೆ: "ಅಪ್ಪಾ, ಡ್ರಮ್ಮಲ್ಲಿ ಹುಲ್ಲು ಬಿದ್ದಿದೆ, ನೀರು ಚೆಲ್ಬಿಡ್ಲಾ?"

ಫೋನ್ ಬಿಟ್ಟು ಓಡುತ್ತಿದ್ದೇನೆ.